ಚದುರಿಹೋದ ಅಫಿಲಿಯೇಟ್ ಲಿಂಕ್‌ಗಳನ್ನು ಹತೋಟಿಗೆ ತರುವುದು ಹೇಗೆ?

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನವನು. ಕೃಷಿ ಉಪಕರಣಗಳ ಬಗ್ಗೆ ಕನ್ನಡದಲ್ಲಿ ವರ್ಡ್‌ಪ್ರೆಸ್ ಜಾಲತಾಣವೊಂದನ್ನು ನಡೆಸುತ್ತಿದ್ದೇನೆ. ಬ್ಯಾಟರಿ ಸ್ಪ್ರೇಯರ್, ಕಳೆ ಕತ್ತರಿಸುವ ಯಂತ್ರ, ಹನಿ ನೀರಾವರಿಯ ಬಿಡಿಭಾಗ ಮುಂತಾದವುಗಳ ಕುರಿತು ನೂರಕ್ಕೂ ಹೆಚ್ಚು ಲೇಖನಗಳಿದ್ದು, ಅಮೆಜಾನ್ ಮತ್ತು ಇನ್ನೆರಡು ಕಂಪನಿಗಳ ಅಫಿಲಿಯೇಟ್ ಲಿಂಕ್‌ಗಳು (ಓದುಗರು ಒತ್ತಿ ಏನಾದರೂ ಕೊಂಡರೆ ನನಗೆ ಕಮಿಷನ್ ತರುವ ಲಿಂಕ್‌ಗಳು) ಎಲ್ಲೆಡೆ ಹರಡಿಕೊಂಡಿವೆ. ಓದುಗರ ಸಂಖ್ಯೆ ಇಳಿದಿಲ್ಲ, ಕಮಿಷನ್ ಮಾತ್ರ ಇಳಿಯುತ್ತಿದೆ. ಕೆಲವು ಲೇಖನಗಳಲ್ಲಿ ಉತ್ಪನ್ನದ ಚಿತ್ರಗಳೂ ಮಾಯವಾಗಿವೆ. ಲಿಂಕ್ ಮರೆಮಾಡುವ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಪುಟ್ಟ ತಂತ್ರಾಂಶ) ಹಾಕಿಕೊಂಡರೆ ಎಲ್ಲ ಸರಿಹೋಗುತ್ತದೆಯೇ? ವಾಟ್ಸ್ಆ್ಯಪ್ ಗುಂಪುಗಳಲ್ಲಿ ಈ ಲಿಂಕ್‌ಗಳನ್ನು ಹಂಚಬಹುದೇ? ಸತ್ತ ಲಿಂಕ್‌ಗಳಿರುವ ಹಳೆಯ ಲೇಖನಗಳನ್ನು ಅಳಿಸಿಬಿಡಲೇ?

ಉತ್ತರ: ಪ್ಲಗಿನ್ ಹಾಕುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಒಂದೇ ಸ್ಪ್ರೇಯರ್‌ನ ಲಿಂಕನ್ನು ಹತ್ತಾರು ಲೇಖನಗಳಲ್ಲಿ ಕೈಯಿಂದ ಅಂಟಿಸಿರುವುದೇ ನಿಮ್ಮ ತೊಂದರೆಯ ಮೂಲ. ಆ ಉತ್ಪನ್ನದ ಪುಟ ಅಮೆಜಾನ್‌ನಲ್ಲಿ ಇಲ್ಲವಾದ ದಿನ ಆ ಹತ್ತಾರು ಲೇಖನಗಳು ಒಟ್ಟಿಗೆ ಕೆಡುತ್ತವೆ, ಯಾವ ಯಾವ ಲೇಖನದಲ್ಲಿ ಅದು ಇತ್ತೆಂಬುದೂ ನಿಮಗೆ ನೆನಪಿರುವುದಿಲ್ಲ. ಯಾವ ಲಿಂಕ್ ಎಲ್ಲಿದೆ ಎಂಬುದಕ್ಕೆ ಒಂದು ಲೆಕ್ಕದ ಪುಸ್ತಕ, ಲಿಂಕನ್ನು ಬದಲಿಸಲು ಒಂದೇ ಒಂದು ಜಾಗ, ಇವೆರಡೂ ಆದ ಮೇಲಷ್ಟೇ ಪ್ಲಗಿನ್ನಿನ ಮಾತು. ಮೈಸೂರು, ಮಂಡ್ಯ ಭಾಗದ ಸಣ್ಣ ಜಾಲತಾಣಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ನಾನು ಕಂಡಂತೆ, ಪ್ಲಗಿನ್‌ಗೆ ಹಣ ಕೊಟ್ಟವರಲ್ಲಿ ಹೆಚ್ಚಿನವರು ಕೊಳೆತ ಲಿಂಕ್‌ಗಳನ್ನು ಹೊಸ ಡಬ್ಬಿಗೆ ತುಂಬಿಸಿದ್ದಾರೆ, ಅಷ್ಟೇ.

ಮೊದಲು ಇರುವುದನ್ನು ಪಟ್ಟಿ ಮಾಡಬೇಕು. ವರ್ಡ್‌ಪ್ರೆಸ್‌ನ ಟೂಲ್ಸ್ ವಿಭಾಗದಲ್ಲಿರುವ ಎಕ್ಸ್‌ಪೋರ್ಟ್ ಸೌಲಭ್ಯದಿಂದ ಎಲ್ಲ ಲೇಖನಗಳನ್ನು ಒಂದು ಕಡತವಾಗಿ ಇಳಿಸಿಕೊಂಡು, ಹೊರಗಿನ ಜಾಲತಾಣಗಳಿಗೆ ಹೋಗುವ ಎಲ್ಲ ವಿಳಾಸಗಳನ್ನೂ ಅದರಿಂದ ಹೆಕ್ಕಿ ಸ್ಪ್ರೆಡ್‌ಶೀಟ್‌ಗೆ ಹಾಕಿಕೊಳ್ಳಿ. ಜಾಲತಾಣವನ್ನು ತೆವಳಿ ನೋಡುವ ಸ್ಕ್ರೀಮಿಂಗ್ ಫ್ರಾಗ್ ಎಂಬ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ 500 ವಿಳಾಸಗಳವರೆಗೆ ಕೆಲಸ ಮಾಡುವುದರಿಂದ ನಿಮ್ಮಷ್ಟು ದೊಡ್ಡ ತಾಣಕ್ಕೆ ಅದರ ಸಹಾಯವನ್ನೂ ಪಡೆಯಬಹುದು. ಪಟ್ಟಿಯಲ್ಲಿ ಲೇಖನದ ವಿಳಾಸ, ಲಿಂಕ್ ಹೋಗುವ ವಿಳಾಸ, ಲಿಂಕಿನ ಮೇಲೆ ಬರೆದಿರುವ ಪದಗಳು, ಯಾವ ಕಂಪನಿಯ ಕಾರ್ಯಕ್ರಮ, ಕೊನೆಯ ಬಾರಿ ಪರೀಕ್ಷಿಸಿದ ದಿನಾಂಕ, ಇಷ್ಟು ಅಂಕಣಗಳಿದ್ದರೆ ಸಾಕು. ಕಿರಾಣಿ ಅಂಗಡಿಯವರ ಉದ್ರಿ ಪುಸ್ತಕದಂತೆ ಇದನ್ನೂ ಅಂದಂದೇ ಬರೆದಿಟ್ಟರೆ ಮಾತ್ರ ಪ್ರಯೋಜನ, ತಿಂಗಳಾದ ಮೇಲೆ ನೆನಪಿನಿಂದ ಬರೆಯಲು ಆಗದು.

ಪಟ್ಟಿ ಕೈಗೆ ಬಂದ ಮೇಲೆ ಅಮೆಜಾನ್ ಲಿಂಕ್‌ಗಳನ್ನು ಬೇರ್ಪಡಿಸಿ ಒಂದೊಂದನ್ನೂ ಕಣ್ಣಿಟ್ಟು ಓದಿ. ಓದುಗರು ಇಳಿಯದೆ ಕಮಿಷನ್ ಇಳಿದಿದ್ದರೆ ಕಾರಣದ ಬಹುಪಾಲು ಇಲ್ಲಿಯೇ ಸಿಗುತ್ತದೆ. ಅಮೆಜಾನ್ ವಿಳಾಸದಲ್ಲಿ ಡಿಪಿ ಎಂಬ ಎರಡಕ್ಷರದ ನಂತರ ಓರೆಗೆರೆ, ಅದರ ನಂತರ ಬರುವ 10 ಅಕ್ಷರ–ಅಂಕಿಗಳ ಗುಂಪೇ ಆ ವಸ್ತುವಿನ ಗುರುತು. ಅದನ್ನು ಎಎಸ್‌ಐಎನ್ ಎನ್ನುತ್ತಾರೆ. ಆಮೇಲೆ ಪ್ರಶ್ನಾರ್ಥಕ ಚಿಹ್ನೆ, ಟ್ಯಾಗ್ ಎಂಬ ಪದ, ಸಮಚಿಹ್ನೆ, ಕೊನೆಗೆ ನಿಮ್ಮ ಗುರುತಿನ ಹೆಸರು. ಭಾರತದ ಕಾರ್ಯಕ್ರಮದಲ್ಲಿ ಈ ಹೆಸರು ಒಂದು ಅಡ್ಡಗೆರೆ ಮತ್ತು 21 ಎಂಬ ಅಂಕಿಯಿಂದ ಮುಗಿಯುತ್ತದೆ. ಲಿಂಕ್ ಕೆಲಸ ಮಾಡಲು ಇಷ್ಟು ಸಾಕು. ಹುಡುಕಿದ ಪದ, ಫಲಿತಾಂಶದಲ್ಲಿ ಎಷ್ಟನೆಯದು ಎಂಬಂಥ ಬಾಲವೆಲ್ಲ ನೀವು ಹುಡುಕಿ ನಕಲು ಮಾಡಿದಾಗ ಸೇರಿಕೊಂಡ ಕಸ, ಅದನ್ನು ಕತ್ತರಿಸಿಹಾಕಬಹುದು.

ಈ ಪುಟ್ಟ ಟ್ಯಾಗಿನಲ್ಲಿಯೇ ಹಣ ಸೋರುತ್ತದೆ. ಮೊಬೈಲಿನ ಅಮೆಜಾನ್ ಆ್ಯಪ್‌ನಿಂದ ಶೇರ್ ಒತ್ತಿ ತಂದ ವಿಳಾಸದಲ್ಲಿ ನಿಮ್ಮ ಟ್ಯಾಗ್ ಇಲ್ಲದಿರಬಹುದು. ಟೆಲಿಗ್ರಾಂನ ರಿಯಾಯಿತಿ ಗುಂಪೊಂದರಿಂದ ನಕಲು ಮಾಡಿದ ವಿಳಾಸವಾಗಿದ್ದರೆ ಅದರಲ್ಲಿ ಬೇರೆ ಯಾರದೋ ಟ್ಯಾಗ್ ಇದ್ದು, ನಿಮ್ಮ ಲೇಖನ ಓದಿದವರು ಕೊಂಡ ಪ್ರತಿ ಸ್ಪ್ರೇಯರ್‌ನ ಕಮಿಷನ್ ಅವರಿಗೆ ಹೋಗುತ್ತಿರಬಹುದು. ಇಂಥದ್ದು ನಾವು ಅಂದುಕೊಂಡಿರುವುದಕ್ಕಿಂತ ಹೆಚ್ಚಾಗಿಯೇ ಸಿಗುತ್ತದೆ. ವಿಳಾಸದಲ್ಲಿ ಆಗಲೇ ಒಂದು ಪ್ರಶ್ನಾರ್ಥಕ ಚಿಹ್ನೆ ಇರುವಾಗ ಟ್ಯಾಗನ್ನು ಇನ್ನೊಂದು ಪ್ರಶ್ನಾರ್ಥಕ ಚಿಹ್ನೆಯಿಂದ ಜೋಡಿಸಿದ್ದರೆ ಅದೂ ಕೆಲಸ ಮಾಡುವುದಿಲ್ಲ, ಎರಡನೆಯದನ್ನು ಆ್ಯಂಪರ್‌ಸ್ಯಾಂಡ್ (&) ಚಿಹ್ನೆಯಿಂದಲೇ ಜೋಡಿಸಬೇಕು. ಭಾರತದ ಟ್ಯಾಗನ್ನು ಅಮೆರಿಕದ ಡಾಟ್ ಕಾಮ್ ತಾಣದ ವಿಳಾಸಕ್ಕೆ ಅಂಟಿಸಿದ್ದರಂತೂ ಕಮಿಷನ್ ಬರುವ ಮಾತೇ ಇಲ್ಲ, ಏಕೆಂದರೆ ಪ್ರತಿ ದೇಶದ ಕಾರ್ಯಕ್ರಮವೂ ಬೇರೆ ಬೇರೆ.

ಇಷ್ಟೆಲ್ಲ ಸರಿಯಾಗಿದ್ದೂ ಮಾರಾಟ ಲೆಕ್ಕಕ್ಕೆ ಬರದಿದ್ದರೆ ಅದಕ್ಕೆ ಕಾಲಮಿತಿ ಕಾರಣವಿರಬಹುದು. ಅಮೆಜಾನ್‌ನಲ್ಲಿ ಲಿಂಕ್ ಒತ್ತಿದ ಬಳಿಕ 24 ಗಂಟೆಗಳ ಒಳಗೆ ಕೊಳ್ಳಬೇಕು, ಇಲ್ಲವೇ ಆ ಅವಧಿಯೊಳಗೆ ವಸ್ತುವನ್ನು ಕಾರ್ಟ್‌ಗೆ ಹಾಕಿಟ್ಟಿರಬೇಕು. ಕಳೆ ಯಂತ್ರದಂಥ ದುಬಾರಿ ವಸ್ತುವನ್ನು ನಮ್ಮ ರೈತರು ಓದಿದ ದಿನವೇ ಕೊಳ್ಳುವುದಿಲ್ಲ. ಮನೆಯಲ್ಲಿ ಮಾತಾಡಿ, ಪಕ್ಕದ ಹೊಲದವರನ್ನು ಕೇಳಿ, ಕಾರ್ಖಾನೆಯಿಂದ ಕಬ್ಬಿನ ಹಣ ಬಂದ ಮೇಲೆ ಕೊಳ್ಳುತ್ತಾರೆ. ಹೀಗಾಗಿ ಯಂತ್ರದ ಲೇಖನಗಳಿಗಿಂತ ನಾಝಲ್, ಬ್ಯಾಟರಿ, ಡ್ರಿಪ್ ಪೈಪಿನ ಜೋಡಣೆಗಳಂಥ ತಕ್ಷಣ ಬೇಕಾಗುವ ಸಾಮಾನುಗಳ ಲೇಖನಗಳು ನಿಮ್ಮ ಓದುಗರ ಮಟ್ಟಿಗೆ ಹೆಚ್ಚು ಗಿಟ್ಟಬಹುದೆಂದು ನನ್ನ ಅಂದಾಜು.

ಚಿತ್ರಗಳು ಮಾಯವಾಗಿರುವುದಕ್ಕೆ ನೀವು ಹೊಣೆಯಲ್ಲ. ಅಮೆಜಾನ್ ಪುಟದ ಮೇಲ್ಭಾಗದಲ್ಲಿ ಕಾಣುವ ಸೈಟ್‌ಸ್ಟ್ರೈಪ್ ಪಟ್ಟಿಯಿಂದ ಚಿತ್ರಸಹಿತ ಲಿಂಕ್ ಪಡೆಯುವ ಸೌಲಭ್ಯವನ್ನು ಆ ಕಂಪನಿ 2023ರ ಕೊನೆಗೆ ನಿಲ್ಲಿಸಿತು. ಹಳೆಯ ಲೇಖನಗಳಲ್ಲಿ ಅಂಟಿಸಿದ್ದ ಐಫ್ರೇಮ್ ಕೋಡ್ ಈಗ ಖಾಲಿ ಚೌಕವನ್ನಷ್ಟೇ ತೋರಿಸುತ್ತದೆ. ಮೊಬೈಲಿನಲ್ಲಿ ಓದುವವರಿಗೆ ಆ ಚಿತ್ರವೇ ಒತ್ತುವ ಗುಂಡಿಯಾಗಿತ್ತಾದ್ದರಿಂದ ಚಿತ್ರದೊಂದಿಗೆ ಲಿಂಕೂ ಹೋಯಿತು, ಕಮಿಷನ್ ಇಳಿಯಲು ಇದೂ ಒಂದು ಕಾರಣ. ಅಮೆಜಾನ್‌ನ ಚಿತ್ರವನ್ನು ಇಳಿಸಿಕೊಂಡು ನಿಮ್ಮ ಸರ್ವರ್‌ನಲ್ಲಿ ಹಾಕಿಕೊಳ್ಳಲು ಅವರ ನಿಯಮ ಒಪ್ಪುವುದಿಲ್ಲ. ಅದಕ್ಕಿಂತ ನೀವು ಬಳಸಿದ ಸ್ಪ್ರೇಯರನ್ನು ನಿಮ್ಮ ಗದ್ದೆಯ ಬದುವಿನ ಮೇಲಿಟ್ಟು ನೀವೇ ಒಂದು ಫೋಟೊ ತೆಗೆಯಿರಿ. ಬೆಲ್ಟ್ ಹೊಲಿಗೆ ಎಲ್ಲಿ ಬಿಚ್ಚಿಕೊಂಡಿದೆ, ಟ್ಯಾಂಕಿನ ಮುಚ್ಚಳ ಎಲ್ಲಿ ಸೋರುತ್ತದೆ ಎಂಬುದು ಕಂಪನಿಯ ಚಿತ್ರದಲ್ಲಿ ಎಂದೂ ಕಾಣುವುದಿಲ್ಲ, ಕೊಳ್ಳುವವನಿಗೆ ಬೇಕಾಗಿರುವುದು ಅದೇ.

ಇನ್ನು ಲಿಂಕನ್ನು ಒಂದೇ ಜಾಗದಿಂದ ನಡೆಸುವ ವಿಚಾರ. ನೀವು ಹೇಳುವ ಪ್ಲಗಿನ್‌ಗಳು, ಪ್ರೆಟಿ ಲಿಂಕ್ಸ್, ಥರ್ಸ್ಟಿಅಫಿಲಿಯೇಟ್ಸ್ ಮುಂತಾದವು, ನಿಮ್ಮ ತಾಣದಲ್ಲಿಯೇ ಒಂದು ಚಿಕ್ಕ ವಿಳಾಸವನ್ನು ಸೃಷ್ಟಿಸಿ ಅಲ್ಲಿಂದ ಮಾರಾಟಗಾರರ ಪುಟಕ್ಕೆ ಓದುಗರನ್ನು ದಾಟಿಸುತ್ತವೆ. ಲೇಖನಗಳಲ್ಲೆಲ್ಲ ಆ ಚಿಕ್ಕ ವಿಳಾಸವೇ ಇರುವುದರಿಂದ ಗುರಿಯನ್ನು ಒಮ್ಮೆ ಬದಲಿಸಿದರೆ ಎಲ್ಲ ಲೇಖನಗಳೂ ಸರಿಹೋಗುತ್ತವೆ. ನಿಮ್ಮ ಇನ್ನೆರಡು ಕಂಪನಿಗಳ ಒಪ್ಪಂದ ಅನುಮತಿಸಿದರೆ ಅವುಗಳಿಗೆ ಈ ವ್ಯವಸ್ಥೆ ಚೆನ್ನಾಗಿ ಹೊಂದುತ್ತದೆ. ಅಮೆಜಾನ್‌ಗೆ ಮಾತ್ರ ಇದನ್ನು ಬಳಸಬೇಡಿ. ಓದುಗರು ಯಾವ ತಾಣದಿಂದ ಬಂದರೆಂಬುದನ್ನು ರಿಡೈರೆಕ್ಟ್ ಪುಟಗಳಿಂದ, ಅಂದರೆ ಹೀಗೆ ಬೇರೆಡೆಗೆ ದಾಟಿಸುವ ಪುಟಗಳಿಂದ, ಮರೆಮಾಚುವುದನ್ನೂ, ಲಿಂಕ್ ಅಮೆಜಾನ್‌ಗೆ ಹೋಗುತ್ತದೆಂಬುದು ಓದುಗರಿಗೆ ತಿಳಿಯದಂತೆ ಮಾಡುವುದನ್ನೂ ಅವರ ನಿಯಮಗಳು ನಿಷೇಧಿಸುತ್ತವೆ. ಪ್ಲಗಿನ್ ಮಾರುವವರು ಏನೇ ಹೇಳಲಿ, ಖಾತೆ ಮುಚ್ಚಿ ಬಾಕಿ ಕಮಿಷನ್ ತಡೆದಾಗ ವಾದ ಮಾಡಬೇಕಾದವರು ನೀವೇ.

ಹಾಗಾದರೆ ಅಮೆಜಾನ್ ಲಿಂಕನ್ನು ಒಂದೇ ಕಡೆಯಿಂದ ಬದಲಿಸುವುದು ಹೇಗೆ? ವರ್ಡ್‌ಪ್ರೆಸ್‌ನಲ್ಲಿಯೇ ಇದಕ್ಕೆ ಸಿಂಕ್ಡ್ ಪ್ಯಾಟರ್ನ್ ಎಂಬ ಸೌಲಭ್ಯವಿದೆ. 2023ರ ಆಗಸ್ಟ್‌ನಲ್ಲಿ ಬಂದ 6.3ನೆಯ ಆವೃತ್ತಿಗೆ ಮುಂಚೆ ಅದನ್ನು ರೀಯೂಸಬಲ್ ಬ್ಲಾಕ್ ಎನ್ನುತ್ತಿದ್ದರು. ಪ್ರತಿ ಉತ್ಪನ್ನಕ್ಕೆ ಒಂದು ಬ್ಲಾಕ್ ಮಾಡಿ, ಅದರಲ್ಲಿ ನಿಮ್ಮ ಫೋಟೊ, ಎರಡು ಸಾಲಿನ ಅಭಿಪ್ರಾಯ, ‘ಅಮೆಜಾನ್‌ನಲ್ಲಿ ನೋಡಿ’ ಎಂಬ ಗುಂಡಿ ಇಟ್ಟು, ಆ ಬ್ಲಾಕನ್ನೇ ಬೇಕಾದ ಲೇಖನಗಳಿಗೆಲ್ಲ ಸೇರಿಸಿ. ಓದುಗರ ಕಣ್ಣಿಗೆ ಅಮೆಜಾನ್‌ನ ನೇರ ವಿಳಾಸವೇ ಕಾಣುವುದರಿಂದ ನಿಯಮವೂ ಮುರಿಯುವುದಿಲ್ಲ, ಬ್ಲಾಕನ್ನು ಒಮ್ಮೆ ತಿದ್ದಿದರೆ ಎಲ್ಲೆಡೆಯೂ ತಿದ್ದಿದಂತಾಗುತ್ತದೆ. ಹಣ ಖರ್ಚಿಲ್ಲ, ನಾಳೆ ಯಾವುದೋ ಪ್ಲಗಿನ್ ನಿಂತುಹೋದರೆ ಎಂಬ ಭಯವಿಲ್ಲ. ನಿಮ್ಮಷ್ಟು ದೊಡ್ಡ ತಾಣಕ್ಕೆ ನಾನು ಇದನ್ನೇ ಶಿಫಾರಸು ಮಾಡುತ್ತೇನೆ. ಬೆಲೆಯನ್ನು ಮಾತ್ರ ಬ್ಲಾಕಿನಲ್ಲಿ ಕೈಯಿಂದ ಬರೆಯಬೇಡಿ. ಅಮೆಜಾನ್‌ನ ಬೆಲೆಯನ್ನು ಅವರು ಒದಗಿಸುವ ಎಪಿಐ (ಅವರ ಮಾಹಿತಿಯನ್ನು ನಿಮ್ಮ ತಾಣಕ್ಕೆ ತಾನಾಗಿ ತರುವ ಸಂಪರ್ಕ) ಮೂಲಕವಷ್ಟೇ ತೋರಿಸಬೇಕೆಂಬ ನಿಯಮವಿದೆ. ನಿಯಮವಿಲ್ಲದಿದ್ದರೂ ದಿನಕ್ಕೊಂದು ಬಾರಿ ಏರಿಳಿಯುವ ಬೆಲೆಯನ್ನು ಬರೆದಿಟ್ಟರೆ ನಿಮ್ಮ ಮಾತು ಸುಳ್ಳಾಗುವುದು ಖಂಡಿತ.

ಹಳೆಯ ಲೇಖನಗಳಲ್ಲಿ ಒಟ್ಟಿಗೆ ಬದಲಾವಣೆ ಮಾಡಲು ಬೆಟರ್ ಸರ್ಚ್ ರಿಪ್ಲೇಸ್‌ನಂಥ ಪ್ಲಗಿನ್ ಉಪಯೋಗಕ್ಕೆ ಬರುತ್ತದೆ. ಡೇಟಾಬೇಸಿನ ಪೂರ್ತಿ ಬ್ಯಾಕಪ್ ತೆಗೆದಿಟ್ಟುಕೊಂಡು, ಮೊದಲು ಡ್ರೈ ರನ್ ಎಂಬ ಪರೀಕ್ಷಾ ಆಯ್ಕೆಯಲ್ಲಿ ಎಷ್ಟು ಕಡೆ ಬದಲಾಗುತ್ತದೆಂದು ನೋಡಿ, ಆ ಸಂಖ್ಯೆ ನಿಮ್ಮ ಪಟ್ಟಿಯೊಂದಿಗೆ ತಾಳೆಯಾದ ಮೇಲಷ್ಟೇ ನಿಜವಾಗಿ ಬದಲಿಸಿ.

ರಿಡೈರೆಕ್ಟ್ ಬಳಸುವ ಇನ್ನೆರಡು ಕಂಪನಿಗಳ ವಿಷಯದಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ರಿಡೈರೆಕ್ಟ್ 301 ಬಗೆಯದಾಗಿರಬಾರದು. ಅದರ ಅರ್ಥ ಶಾಶ್ವತ ವರ್ಗಾವಣೆ ಎಂದಾದ್ದರಿಂದ ಓದುಗರ ಬ್ರೌಸರ್ ಹಳೆಯ ಗುರಿಯನ್ನು ನೆನಪಿಟ್ಟುಕೊಂಡು, ನೀವು ಗುರಿ ಬದಲಿಸಿದ ಮೇಲೂ ಅವರನ್ನು ಹಳೆಯ ಪುಟಕ್ಕೇ ಕಳಿಸಬಹುದು. ತಾತ್ಕಾಲಿಕವೆಂದು ಸೂಚಿಸುವ 302 ಅಥವಾ 307 ಆಯ್ಕೆಮಾಡಿ. ಎರಡನೆಯದು ಸುರಕ್ಷತೆಗೆ ಸಂಬಂಧಿಸಿದ್ದು. ಕೆಲವರು ಪ್ಲಗಿನ್ ಬೇಡವೆಂದು ತಾವೇ ನಾಲ್ಕು ಸಾಲಿನ ಪಿಎಚ್‌ಪಿ ಬರೆದು, ವಿಳಾಸದಲ್ಲಿ ಏನು ಕೊಟ್ಟರೂ ಅಲ್ಲಿಗೆ ದಾಟಿಸುವಂತೆ ಮಾಡಿರುತ್ತಾರೆ. ಇಂಥ ತೆರೆದ ಬಾಗಿಲನ್ನು ವಂಚಕರು ಕೂಡಲೇ ಪತ್ತೆಹಚ್ಚಿ, ನಿಮ್ಮ ಡೊಮೈನ್ ಹೆಸರಿನ ಮರೆಯಲ್ಲಿ ನಕಲಿ ಬ್ಯಾಂಕ್ ಪುಟಗಳಿಗೆ ಜನರನ್ನು ಕಳಿಸುತ್ತಾರೆ, ಆಮೇಲೆ ಬ್ರೌಸರ್‌ಗಳು ನಿಮ್ಮ ತಾಣವನ್ನೇ ಅಪಾಯಕಾರಿ ಎಂದು ತೋರಿಸಬಹುದು. ನೀವು ಮೊದಲೇ ಪಟ್ಟಿಮಾಡಿಟ್ಟ ಗುರಿಗಳಿಗೆ ಮಾತ್ರ ದಾಟಿಸುವಂತಿರಬೇಕು.

ಗೂಗಲ್‌ಗೆ ಸಂಬಂಧಿಸಿದ ಕೆಲಸ ಚಿಕ್ಕದು. ಕಮಿಷನ್ ಬರುವ ಪ್ರತಿ ಲಿಂಕಿನ ಕೋಡ್‌ನಲ್ಲಿರುವ ರೆಲ್ (rel) ಎಂಬ ಗುಣದಲ್ಲಿ ‘ಸ್ಪಾನ್ಸರ್ಡ್’ ಎಂದು ಇರಲಿ. ಗೂಗಲ್ 2019ರ ಸೆಪ್ಟೆಂಬರ್‌ನಲ್ಲಿ ಈ ಗುರುತನ್ನು ತಂದಿತು. ನಿಮ್ಮ ಹಳೆಯ ಲೇಖನಗಳಲ್ಲಿ ‘ನೋಫಾಲೋ’ ಎಂದಿದ್ದರೆ ಅದೂ ಸ್ವೀಕಾರಾರ್ಹ, ಎಲ್ಲವನ್ನೂ ಬದಲಿಸುವ ತುರ್ತೇನಿಲ್ಲ. ‘ನೋರೆಫರರ್’ ಎಂಬ ಇನ್ನೊಂದು ಪದ ಹಳೆಯ ಲಿಂಕ್‌ಗಳಲ್ಲಿ ಕಂಡರೆ ಅದನ್ನು ತೆಗೆಯುವುದು ಲೇಸು, ಏಕೆಂದರೆ ಓದುಗರು ನಿಮ್ಮ ತಾಣದಿಂದ ಬಂದರೆಂಬ ಮಾಹಿತಿಯನ್ನೇ ಅದು ಮಾರಾಟಗಾರರಿಂದ ಮುಚ್ಚಿಡುತ್ತದೆ.

ನೀವು ಕೇಳದೇ ಇದ್ದ ಒಂದು ವಿಷಯಕ್ಕೆ ಬರುತ್ತೇನೆ. ನಿಮ್ಮ ಲೇಖನಗಳಲ್ಲಿ ಕಮಿಷನ್ ವಿಷಯವನ್ನು ಓದುಗರಿಗೆ ತಿಳಿಸಿದ್ದೀರಾ? ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜೂನ್ 9ರಂದು ದಾರಿತಪ್ಪಿಸುವ ಜಾಹೀರಾತುಗಳ ತಡೆಗೆ ಮಾರ್ಗಸೂಚಿ ಹೊರಡಿಸಿದೆ. 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆಯು ಅಂತರಜಾಲದಲ್ಲಿ ಉತ್ಪನ್ನಗಳನ್ನು ಶಿಫಾರಸು ಮಾಡುವವರಿಗಾಗಿ ಪ್ರತ್ಯೇಕ ಸೂಚನೆಗಳನ್ನು ಪ್ರಕಟಿಸಿದೆ. ಮಾರಾಟಗಾರರೊಂದಿಗೆ ಹಣಕಾಸಿನ ಸಂಬಂಧವಿದ್ದರೆ ಅದನ್ನು ಸ್ಪಷ್ಟವಾಗಿ, ಶಿಫಾರಸು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ ತಿಳಿಸಬೇಕೆಂಬುದು ಅವುಗಳ ತಿರುಳು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ಪ್ರಾಧಿಕಾರವು ಮೊದಲ ತಪ್ಪಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಕನ್ನಡ ತಾಣಗಳ ಅಡಿಭಾಗದಲ್ಲಿ ಅಮೆರಿಕದ ಯಾವುದೋ ತಾಣದಿಂದ ಎತ್ತಿಕೊಂಡ ಇಂಗ್ಲಿಷ್ ಪ್ಯಾರಾ ಇರುವುದನ್ನು ನಾನು ಬಹಳ ನೋಡಿದ್ದೇನೆ. ಅದರಿಂದ ನಿಯಮವೂ ಪಾಲನೆಯಾಗುವುದಿಲ್ಲ, ಓದುಗರಿಗೂ ಏನೂ ತಿಳಿಯುವುದಿಲ್ಲ. ಲೇಖನದ ಆರಂಭದಲ್ಲಿ, ಮೊದಲ ಲಿಂಕಿಗಿಂತ ಮುಂಚೆ, ಹೀಗೆ ಬರೆದರೆ ಸಾಕು: ‘ಈ ಲೇಖನದ ಕೆಲವು ಲಿಂಕ್‌ಗಳ ಮೂಲಕ ನೀವು ಏನಾದರೂ ಕೊಂಡರೆ ನನಗೆ ಕಮಿಷನ್ ಸಿಗುತ್ತದೆ. ಅದರಿಂದ ನೀವು ಕೊಡುವ ಬೆಲೆ ಹೆಚ್ಚಾಗುವುದಿಲ್ಲ.’ ಅಮೆಜಾನ್ ಅಸೋಸಿಯೇಟ್ ಆಗಿ ಗಳಿಸುತ್ತೀರೆಂದು ಹೇಳುವ, ಆ ಕಂಪನಿಯೇ ಕಡ್ಡಾಯ ಮಾಡಿರುವ ಸಾಲನ್ನೂ ತಾಣದಲ್ಲಿ ಎದ್ದುಕಾಣುವಂತೆ ಹಾಕಬೇಕು.

ಸತ್ತ ಲಿಂಕ್‌ಗಳನ್ನು ಹುಡುಕಲು ತಂತ್ರಾಂಶವನ್ನೇ ನಂಬಿದರೆ ಮೋಸಹೋಗುತ್ತೀರಿ. ಪುಟವೇ ಇಲ್ಲದಿದ್ದರೆ 404 ಎಂಬ ಉತ್ತರ ಬಂದು ತಂತ್ರಾಂಶಕ್ಕೆ ಗೊತ್ತಾಗುತ್ತದೆ. ಪುಟ ಇದ್ದು, ಅದರಲ್ಲಿ ‘ಈ ವಸ್ತು ಸದ್ಯಕ್ಕೆ ಲಭ್ಯವಿಲ್ಲ’ ಎಂದಿದ್ದರೆ ತಂತ್ರಾಂಶದ ಲೆಕ್ಕದಲ್ಲಿ ಆ ಲಿಂಕ್ ಚೆನ್ನಾಗಿಯೇ ಇರುತ್ತದೆ. ಇನ್ನೊಂದೆಡೆ, ಯಂತ್ರಗಳ ಭೇಟಿಯನ್ನು ಅಮೆಜಾನ್ ತಡೆಯುವುದರಿಂದ ಬದುಕಿರುವ ಲಿಂಕನ್ನೇ ಸತ್ತಿದೆ ಎಂದು ತೋರಿಸುವುದೂ ಉಂಟು. ಆದ್ದರಿಂದ ಗೂಗಲ್ ಅನಲಿಟಿಕ್ಸ್‌ನಲ್ಲಿ ಹೊರಲಿಂಕ್‌ಗಳ ಕ್ಲಿಕ್ ದಾಖಲಾಗುವಂತೆ ಮಾಡಿಕೊಂಡು, ಹೆಚ್ಚು ಒತ್ತುವ ಲಿಂಕ್‌ಗಳನ್ನು ತಿಂಗಳಿಗೊಮ್ಮೆ ನೀವೇ ತೆರೆದು ನೋಡಿ. ಯಾರೂ ಒತ್ತದ ಲಿಂಕ್‌ಗಳ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಪರೀಕ್ಷಿಸುವಾಗ ಆ ಲಿಂಕಿನಿಂದ ನೀವೇ ಖರೀದಿ ಮಾಡುವುದು ಬೇಡ, ಸ್ವಂತ ಖರೀದಿಗೆ ಅಮೆಜಾನ್ ಕಮಿಷನ್ ಕೊಡುವುದಿಲ್ಲ, ನಿಯಮೋಲ್ಲಂಘನೆಯೆಂದೂ ಎಣಿಸುತ್ತದೆ. ಅಮೆಜಾನ್ ಖಾತೆಯೊಳಗೆ ಒಂದಕ್ಕಿಂತ ಹೆಚ್ಚು ಟ್ರ್ಯಾಕಿಂಗ್ ಐಡಿ (ಮೇಲೆ ಹೇಳಿದ ಟ್ಯಾಗ್‌ನ ಹೆಸರು) ಮಾಡಿಕೊಳ್ಳಬಹುದಾದ್ದರಿಂದ ಸ್ಪ್ರೇಯರ್‌ಗೊಂದು, ಡ್ರಿಪ್‌ಗೊಂದು, ಕಳೆ ಯಂತ್ರಕ್ಕೊಂದು ಎಂದು ಹಂಚಿಟ್ಟರೆ ಹಣ ಎಲ್ಲಿಂದ ಬರುತ್ತಿದೆ ಎಂಬುದೂ ತಿಳಿಯುತ್ತದೆ.

ವಾಟ್ಸ್ಆ್ಯಪ್ ಗುಂಪಿನಲ್ಲಿ ಅಮೆಜಾನ್ ಲಿಂಕನ್ನು ನೇರವಾಗಿ ಹಾಕುವುದು ಬೇಡ. ಇಮೇಲ್, ಖಾಸಗಿ ಸಂದೇಶ, ಪಿಡಿಎಫ್ ಪುಸ್ತಿಕೆ, ಇವುಗಳಲ್ಲಿ ಅಫಿಲಿಯೇಟ್ ಲಿಂಕ್ ಇಡುವುದನ್ನು ಅವರ ನಿಯಮಗಳು ಒಪ್ಪುವುದಿಲ್ಲ. ನಿಮ್ಮ ಲೇಖನದ ಲಿಂಕನ್ನು ಹಾಕಿ. ಗುಂಪಿನವರು ಓದಿ, ಬೇಕಾದರೆ ಅಲ್ಲಿಂದ ಮುಂದೆ ಹೋಗಲಿ.

ತೆರಿಗೆಯ ಬಗ್ಗೆ ಎರಡು ಮಾತು. ಕಮಿಷನ್ ಮೇಲಿನ ಟಿಡಿಎಸ್ ದರ 2024ರ ಅಕ್ಟೋಬರ್ 1ರಿಂದ ಶೇ 5ರಿಂದ ಶೇ 2ಕ್ಕೆ ಇಳಿದಿದೆ. ಪ್ಯಾನ್ ಸಂಖ್ಯೆ ಕೊಡದಿದ್ದರೆ ಶೇ 20ರಷ್ಟು ಕಡಿತವಾಗುತ್ತದೆ. ಮೂರೂ ಕಂಪನಿಗಳ ಖಾತೆಯಲ್ಲಿ ಪ್ಯಾನ್ ಸರಿಯಾಗಿದೆಯೇ ಎಂದು ಇಂದೇ ನೋಡಿಕೊಳ್ಳಿ. ಇದು ಕೃಷಿ ಆದಾಯವಲ್ಲ. ಕೃಷಿಯ ಬಗ್ಗೆ ಬರೆದು ಗಳಿಸಿದ್ದೆಂಬ ಕಾರಣಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ.

ಕೊನೆಯ ಪ್ರಶ್ನೆ, ಹಳೆಯ ಲೇಖನಗಳನ್ನು ಅಳಿಸುವುದು. ಉತ್ಪನ್ನ ಮಾರುಕಟ್ಟೆಯಿಂದ ಹೋಗಿದ್ದರೂ ಅದನ್ನು ಕೊಂಡವರು ಇನ್ನೂ ಬಳಸುತ್ತಿರುತ್ತಾರೆ. 12 ವೋಲ್ಟ್‌ನ ಯಾವ ಬ್ಯಾಟರಿ ಅದಕ್ಕೆ ಕೂರುತ್ತದೆ, ವಾಷರ್ ಎಲ್ಲಿ ಸಿಗುತ್ತದೆ ಎಂದು ಅವರು ಹುಡುಕಿ ಬರುವುದು ಅದೇ ಲೇಖನಕ್ಕೆ. ಸತ್ತ ಲಿಂಕ್ ತೆಗೆದು, ಬಿಡಿಭಾಗದ ಮಾಹಿತಿ ಸೇರಿಸಿ, ಲೇಖನವನ್ನು ಉಳಿಸಿಕೊಳ್ಳಿ. ಬದಲಿಗೆ ಇನ್ನೊಂದು ಕಂಪನಿಯ ಯಂತ್ರದ ಲಿಂಕ್ ಹಾಕುವುದಾದರೆ ಲೇಖನದ ಹೊಗಳಿಕೆಯನ್ನೂ ಪುನಃ ಬರೆಯಬೇಕು. ಒಂದು ಯಂತ್ರಕ್ಕೆ ಬರೆದ ಮಾತನ್ನು ಇನ್ನೊಂದರ ಗುಂಡಿಯ ಮೇಲೆ ಉಳಿಸುವುದು ಓದುಗರಿಗೆ ಮಾಡುವ ಮೋಸ. ಬೇರೆಡೆಯ ವಿವರಣೆಯನ್ನು ನಕಲು ಮಾಡಿ ಲಿಂಕ್ ಅಂಟಿಸಿದ, ನಿಮ್ಮದೆಂಬ ಒಂದು ಸಾಲೂ ಇಲ್ಲದ ಲೇಖನಗಳಿದ್ದರೆ ಅವುಗಳನ್ನು ಮಾತ್ರ ಅಳಿಸಿ, ಅಂಥವುಗಳನ್ನು ಗೂಗಲ್ ತನ್ನ ಸ್ಪ್ಯಾಮ್ ನೀತಿಯಲ್ಲಿಯೇ ಹೆಸರಿಸಿದೆ. ಉಳಿದ ಯಂತ್ರದ ಲೇಖನಗಳಲ್ಲಿ, ಆ ಯಂತ್ರ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುವುದಾದರೆ ಅಥವಾ ರೈತ ಸಂಪರ್ಕ ಕೇಂದ್ರದ ಮೂಲಕ ಸಹಾಯಧನದಲ್ಲಿ ದೊರೆಯುವುದಾದರೆ, ಅದನ್ನು ಲಿಂಕಿಗಿಂತ ಮೇಲೆಯೇ ಬರೆಯಿರಿ. ಎರಡು ಮಾರಾಟ ತಪ್ಪಬಹುದು. ಆದರೆ ಅರ್ಧ ಎಕರೆಯ ತೋಟಕ್ಕೆ ಹತ್ತಾರು ಸಾವಿರದ ಯಂತ್ರ ಬೇಡವೆಂದು ನಿಮ್ಮಿಂದಲೇ ತಿಳಿದವರು ಸ್ಪ್ರೇಯರ್‌ನ ನಾಝಲ್ ಬೇಕಾದಾಗ ಇನ್ನೆಲ್ಲೂ ಹುಡುಕದೆ ನಿಮ್ಮ ತಾಣಕ್ಕೆ ಬರುತ್ತಾರೆ.